ಕುಂಕುಮ ಇಟ್ಟು ಕಳಿಸಿದ ಕಂಪ್ಯೂಟರ್

ಆಯುಧಪೂಜೆಯ ಹಿಂದಿನ ದಿನ ವಾಗ್ದೇವಿ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಇರುತ್ತಿರಲಿಲ್ಲ, ಆದರೆ ಹಾಜರಾತಿಗೆ ಮಾತ್ರ ಕೊರತೆ ಇರುತ್ತಿರಲಿಲ್ಲ. ಮುಳಬಾಗಿಲಿನಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿದ್ದ ಆ ಉದ್ದನೆಯ ಕೋಣೆಗೆ ಬೆಳಿಗ್ಗೆಯೇ ಬಂದು ಸೇರಿದ ಹುಡುಗಿಯರು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಟೈಪ್‌ರೈಟರುಗಳ ಅಚ್ಚು ತಿಕ್ಕುತ್ತಿದ್ದರು. ಒಬ್ಬಳು ಬಾಗಿಲಿಗೆ ಮಾವಿನ ಸೊಪ್ಪು ಕಟ್ಟುತ್ತಿದ್ದಳು, ಇನ್ನೊಬ್ಬಳು ಅವಳು ನಿಂತಿದ್ದ ಸ್ಟೂಲು ಅಲ್ಲಾಡಿಸಿ ಹೆದರಿಸುತ್ತಿದ್ದಳು. ಈ ಗಲಾಟೆಯ ನಡುವೆ ಅನಂತಲಕ್ಷ್ಮಿ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಫೈಲು ಅಳಿಸುತ್ತಿದ್ದಳು.

ಎರಡು ಸಾವಿರದ ಆರನೇ ಇಸವಿ ಅದು. ಟೈಪ್‌ರೈಟರಿನ ಕಾಲ ಮುಗಿಯುತ್ತಾ ಬಂದಿದ್ದರೂ ಅನಂತಲಕ್ಷ್ಮಿಯ ಇನ್‌ಸ್ಟಿಟ್ಯೂಟಿಗೆ ಸುತ್ತಲ ಹಳ್ಳಿಗಳಿಂದ ಹುಡುಗಿಯರು ಬರುವುದು ನಿಂತಿರಲಿಲ್ಲ. ಅದಕ್ಕೆ ಕಾರಣ ಟೈಪಿಂಗ್ ಒಂದೇ ಅಲ್ಲ. ಯಾವ ಇಲಾಖೆ ಯಾವಾಗ ಅರ್ಜಿ ಕರೆಯುತ್ತದೆ ಎನ್ನುವುದು ಆಕೆಗೆ ಬಾಯಿಪಾಠ. ಅರ್ಜಿ ತುಂಬುವುದೂ ಆಕೆಯೇ, ಗುರುತಿನ ಚೀಟಿ, ರೇಷನ್ ಕಾರ್ಡು, ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡುವುದೂ ಆಕೆಯೇ. ಸ್ಟುಡಿಯೋಗೆ ಯಾಕೆ ಸುಮ್ಮನೆ ದುಡ್ಡು ಸುರಿಯಬೇಕೆಂದು ತನ್ನ ಕ್ಯಾಮೆರಾದಲ್ಲಿ ಹುಡುಗಿಯರನ್ನು ಗೋಡೆಗೆ ನಿಲ್ಲಿಸಿ ಫೋಟೋನೂ ತೆಗೆಯುತ್ತಿದ್ದಳು. ಆ ಗೋಡೆಯ ಮೇಲೆ ಬೆರಳಿಡುವ ಕ್ರಮ ಕಲಿಸುವ ಹಳದಿ ಚಾರ್ಟು ತೂಗುಹಾಕಿತ್ತು. ಅದರ ಒಂದು ಅಂಚು, ಎ ಎಸ್ ಡಿ ಎಫ್ ಅಕ್ಷರಗಳ ಸಮೇತ, ಪ್ರತಿ ಹುಡುಗಿಯ ಹೆಗಲ ಹಿಂದೆಯೂ ಫೋಟೋದಲ್ಲಿ ಇಣುಕುತ್ತಿತ್ತು. ಪ್ರಿಂಟು ತೆಗೆದು ಕೊಡುವಾಗ ಆ ಅಂಚನ್ನು ತಪ್ಪದೆ ಕತ್ತರಿಸಿ ಕೊಡುತ್ತಿದ್ದಳು. ಕಂಪ್ಯೂಟರಿನಲ್ಲಿ ಮಾತ್ರ ಪೂರ್ತಿ ಫೋಟೋ ಹಾಗೇ ಉಳಿಯುತ್ತಿತ್ತು, ಏಕೆಂದರೆ ಆ ಹುಡುಗಿಯರೇ ಮುಂದಿನ ವರ್ಷ ಬಂದು ಮತ್ತೆ ಕೇಳುತ್ತಿದ್ದರು.

"ಏನೇ, ಇನ್ನೂ ಮುಗೀಲಿಲ್ವಾ ನಿನ್ನ ಶ್ರಾದ್ಧ?" ಎನ್ನುತ್ತಾ ಗಂಡ ಶ್ರೀರಾಮ್ ಒಳಗೆ ಬಂದ. ಒಂದು ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡುವ ಮನುಷ್ಯ. ಹಬ್ಬದ ರಜೆಗೆ ಹೂವು, ಬೂದುಗುಂಬಳ ಹೊತ್ತು ತಂದಿದ್ದ.

"ಹಬ್ಬದ ಹೊತ್ತಲ್ಲಿ ಅದೇನ್ರೀ ಮಾತು! ಎಲ್ಲಾ ಅಳಿಸಿ ಆಯ್ತು. ಕಸದ ಬುಟ್ಟೀನೂ ಖಾಲಿ ಮಾಡಿದೀನಿ. ನಾಳೆ ಪೂಜೆ ಆದ ತಕ್ಷಣ ಕೋಲಾರದವನು ಬಂದು ತಗೊಂಡು ಹೋಗ್ತಾನೆ, ಹೊಸದು ಇಳಿಸ್ತಾನೆ."

"ಅಳಿಸಿದ್ರೆ ಸಾಲದು ಕಣೇ. ನಮ್ಮ ಸಂಘದಲ್ಲಿ ಮೊನ್ನೆ ಟ್ರೈನಿಂಗ್‌ನಲ್ಲಿ ಹೇಳಿದ್ರು. ಅಳಿಸೋದು ಅಂದ್ರೆ ಮನೆ ಮುಂದಿನ ಬೋರ್ಡ್ ಕಿತ್ತ ಹಾಗೆ ಅಷ್ಟೇ, ಸಾಮಾನೆಲ್ಲಾ ಒಳಗೇ ಇರುತ್ತಂತೆ. ಬೇಡದ್ದನ್ನ ಇಟ್ಕೋಬೇಡಿ, ಇಟ್ಕೊಂಡಿದ್ದಕ್ಕೆ ಬೀಗ ಹಾಕಿ, ಬಿಸಾಕೋವಾಗ ಡಿಸ್ಕ್ ಹೊರಗೆ ತೆಗೆದು ಒಡೆದು ಹಾಕಿ ಅಂದ್ರು. ನಾವು ಹಂಗೇ ಮಾಡಿದ್ವಿ."

"ಒಡೆಯೋದಾ?" ಅನಂತಲಕ್ಷ್ಮಿ ಕುರ್ಚಿಯಿಂದ ಎದ್ದೇಬಿಟ್ಟಳು. "ಏಳು ವರ್ಷ ಅನ್ನ ಹಾಕಿದೆ ಈ ಮಿಷನ್ನು. ನಾಳೆ ಬೆಳಿಗ್ಗೆ ಪೂಜೆ ಮಾಡಿ, ಮಧ್ಯಾಹ್ನ ಸುತ್ತಿಗೇಲಿ ಹೊಡೀಲಾ? ಯಾವ ಶಾಸ್ತ್ರದಲ್ಲಿದೆ ರೀ ಅದು? ನಿಮ್ಮ ಸಂಘದಲ್ಲಿ ಜನರ ದುಡ್ಡಿದೆ, ಸರಿ. ಇಲ್ಲೇನಿದೆ ಕದಿಯೋಕೆ? ಹುಡುಗೀರ ಫೋಟೋ, ಹುಟ್ಟಿದ ತಾರೀಕು!"

ಹುಡುಗಿಯರು ಕಿಸಕ್ಕನೆ ನಕ್ಕರು. ಶ್ರೀರಾಮನೂ ನಕ್ಕು ಕೈ ಎತ್ತಿಬಿಟ್ಟ. ಗಂಡನ ಬುದ್ಧಿವಾದ ಹಿತ್ತಲ ಗಿಡ, ಅದು ಮದ್ದು ಎಂದು ಯಾವ ಹೆಂಡತಿ ಒಪ್ಪಿದ್ದಾಳೆ? ಅದೂ ಅಲ್ಲದೆ ಆ ಇನ್‌ಸ್ಟಿಟ್ಯೂಟಿನಲ್ಲಿ ಅದೊಂದು ನಡೆದು ಬಂದ ಪದ್ಧತಿ. ಅನಂತಲಕ್ಷ್ಮಿಯ ಮಾವನವರ ಕಾಲದಿಂದಲೂ ಹಳೇ ಟೈಪ್‌ರೈಟರನ್ನು ಕಳಿಸುವಾಗ ಎಣ್ಣೆ ಹಾಕಿ, ಒರೆಸಿ, ಕುಂಕುಮ ಇಟ್ಟು, ಇಡಿಯಾಗಿ ಕಳಿಸುತ್ತಿದ್ದರು. ಒಂದು ಸ್ಕ್ರೂ ಕೂಡ ಕೀಳುತ್ತಿರಲಿಲ್ಲ. ಟೈಪ್‌ರೈಟರಿನಿಂದ ಕಾಗದ ಎಳೆದರೆ ಮುಗಿಯಿತು, ಅದರ ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಕಂಪ್ಯೂಟರೂ ಅದರ ತಮ್ಮನೇ ಇರಬೇಕೆಂದು ಆಕೆ ತಿಳಿದುಕೊಂಡಳು.

ಮರುದಿನ ಮಂಗಳಾರತಿಯಾಯಿತು, ಕುಂಬಳಕಾಯಿ ಒಡೆದದ್ದಾಯಿತು. ಕೋಲಾರದ ಹಳೇ ಕಂಪ್ಯೂಟರ್ ವ್ಯಾಪಾರಿಯ ಗೂಡ್ಸ್ ಆಟೋಗೆ ಆ ಕಂಪ್ಯೂಟರನ್ನು ಹತ್ತಿಸುವಾಗ ಅನಂತಲಕ್ಷ್ಮಿಯ ಕಣ್ಣು ಒದ್ದೆಯಾಯಿತು. ಅದರ ನೆತ್ತಿಯ ಮೇಲೆ ತಾನೇ ಇಟ್ಟ ಕುಂಕುಮದ ಬೊಟ್ಟು ಅಲುಗಾಡುತ್ತಾ ಬೀದಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ನಿಂತಿದ್ದಳು.

ಅದಾದ ಮುಂದಿನ ಬೇಸಿಗೆಯಲ್ಲಿ ಶ್ವೇತಳಿಗೆ ಕೆಲಸವಾಯಿತು.

ಶ್ವೇತ ದೇವರಾಯಸಮುದ್ರದ ಹುಡುಗಿ. ಅಪ್ಪ ಆಂಜಿನಪ್ಪ ಹಿಪ್ಪುನೇರಳೆ ಬೆಳೆಯುವವನು, ತಾಯಿ ಶ್ಯಾಮಲಮ್ಮ ರೇಷ್ಮೆಯ ಹುಳುಮನೆ ನೋಡಿಕೊಳ್ಳುವವಳು. ಮಾತು ಕಮ್ಮಿ, ಬೆರಳು ಚುರುಕು. ಸೀನಿಯರ್ ಪರೀಕ್ಷೆಯಲ್ಲಿ ಆಕೆಯಷ್ಟು ಅಂಕ ತೆಗೆದವರು ವಾಗ್ದೇವಿಯಲ್ಲಿ ಯಾರೂ ಇರಲಿಲ್ಲ. ಕೋಲಾರದ ಒಂದು ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರರ ಹುದ್ದೆಗೆ ಆಯ್ಕೆಯಾಗಿ, ಪೊಲೀಸ್ ವೆರಿಫಿಕೇಷನ್ ವರದಿ ಗಡುವಿನೊಳಗೆ ಬಂದರೆ ಆರ್ಡರ್ ಕೈಗೆ ಕೊಡುತ್ತೇವೆಂದು ಕಾಗದ ಬಂದಿತ್ತು. ಶ್ಯಾಮಲಮ್ಮ ಮನೆಯಲ್ಲಿ ಕಟ್ಟಿದ ಕೊಬ್ಬರಿ ಉಂಡೆ ತಂದು ಮೊದಲು ಮೇಡಂ ಕೈಗೇ ಕೊಟ್ಟಳು. ಅನಂತಲಕ್ಷ್ಮಿಯನ್ನೂ ಆ ದಿನ ಹಿಡಿಯುವವರಿರಲಿಲ್ಲ. ಮೆಟ್ಟಿಲು ಹತ್ತಿ ಬಂದವರಿಗೆಲ್ಲ, ಬಾಡಿಗೆ ಕೇಳಲು ಬಂದ ಬಟ್ಟೆ ಅಂಗಡಿಯವನಿಗೂ, ಉಂಡೆ ಕೊಟ್ಟು, "ನಮ್ಮ ಹುಡುಗಿ" ಎಂದು ಹೇಳಿದ್ದೇ ಹೇಳಿದ್ದು.

ಆ ಸಂಭ್ರಮ ಆರುವ ಮೊದಲೇ ಶ್ಯಾಮಲಮ್ಮ ಮತ್ತೆ ಮೆಟ್ಟಿಲು ಹತ್ತಿ ಬಂದಳು. ಈ ಸಲ ಬರಿಗೈಯಲ್ಲಿ, ಕೆದರಿದ ತಲೆಯಲ್ಲಿ. ಹಿಂದೆ ಶ್ವೇತ, ಗೋಡೆ ಹಿಡಿದು ನಿಂತಿದ್ದಳು.

"ಮೇಡಮ್ಮಾ, ನಮ್ಮ ಮಾನ ಬೀದೀಗೆ ಬಿತ್ತು. ನೀವು ಒಂದ್ಸಲ ಸ್ಟೇಷನ್ನಿಗೆ ಬರಬೇಕು."

ಆದದ್ದು ಇಷ್ಟು. ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ. ಹೊರಗಿನವನೊಬ್ಬ ತಾನು ದೊಡ್ಡ ಮಂಡಿಯ ಏಜೆಂಟೆಂದು ಹೇಳಿಕೊಂಡು, ಫೋನಿನಲ್ಲೇ ಸಿಹಿಸಿಹಿಯಾಗಿ ಮಾತಾಡಿ, ಗಂಗುಲಪ್ಪ ಎಂಬ ಬೆಳೆಗಾರನ ತೋಟದ ಹಣ್ಣನ್ನೆಲ್ಲ, ದುಡ್ಡು ಆಮೇಲೆ ಕೊಡುತ್ತೇನೆಂದು, ಲಾರಿಗೆ ತುಂಬಿಸಿಕೊಂಡು ಹೋಗಿದ್ದ. ಆಮೇಲೆ ಫೋನ್ ಬಂದ್. ಆ ನಂಬರು ಯಾರ ಹೆಸರಿನಲ್ಲಿದೆ ಎಂದು ಹುಡುಕಿಸಿದರೆ ಸಿಕ್ಕಿದ್ದು ಶ್ವೇತಳ ಹೆಸರು, ಅಪ್ಪನ ಹೆಸರು, ಊರು, ಫೋಟೋ. ಗಂಗುಲಪ್ಪ ತನ್ನವರನ್ನು ಕಟ್ಟಿಕೊಂಡು ನೇರ ದೇವರಾಯಸಮುದ್ರಕ್ಕೇ ಬಂದು ಮನೆ ಮುಂದೆ ನಿಂತು ಕೂಗಾಡಿದ. ಹಿಂದೆಯೇ ಪೊಲೀಸ್ ಜೀಪೂ ಬಂತು. ಬೆಂಕಿ ಇಲ್ಲದೆ ಹೊಗೆ ಏಳುತ್ತಾ ಎಂದು ಊರಿನವರು ಆಗಲೇ ಮಾತಾಡಿಕೊಳ್ಳತೊಡಗಿದ್ದರು. ಆ ಏಜೆಂಟಿಗೂ ಈ ಹುಡುಗಿಗೂ ಏನು ಸಂಬಂಧ ಎಂಬ ಪ್ರಶ್ನೆಗೆ ಕೆಲವರು ಉತ್ತರವನ್ನೂ ತಾವೇ ಹೊಸೆದಿದ್ದರು.

ಅನಂತಲಕ್ಷ್ಮಿ ಅಂದೇ ತಾಯಿ ಮಗಳ ಜೊತೆ ಶ್ರೀನಿವಾಸಪುರದ ಬಸ್ಸು ಹತ್ತಿದಳು. ಠಾಣೆಯ ಜಗುಲಿಯ ಮೇಲೆ ಗಂಗುಲಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಕೂತಿದ್ದ. ಇವರನ್ನು ಕಂಡವನೇ ಎದ್ದು ಬಂದ.

"ಕೊಂಪ ಮುನಿಗಿಪೋಯಿಂದಮ್ಮಾ! ನಮ್ಮ ಮನೆ ಮುಳುಗೋಯ್ತು. ವರ್ಷವೆಲ್ಲಾ ಹೆಂಡ್ರು ಮಕ್ಕಳು ಕಾಯ್ದ ತೋಟ. ಈ ಹುಡುಗಿಗೂ ನಂಗೂ ಏನು ದ್ವೇಷ ಹೇಳಿ? ಆ ಫೋನು ಯಾರ ಹೆಸರಲ್ಲೈತೋ ಅವರನ್ನ ತಾನೇ ನಾನು ಕೇಳಬೇಕು?"

ಆತನ ಮಾತಿನಲ್ಲೂ ತಪ್ಪು ಹುಡುಕುವಂತಿರಲಿಲ್ಲ. ಅನಂತಲಕ್ಷ್ಮಿ ಒಳಗೆ ಹೋಗಿ ಸಬ್ ಇನ್‌ಸ್ಪೆಕ್ಟರ ಮುಂದೆ ಕೂತು, ತಾನು ಮುಳಬಾಗಿಲಿನಲ್ಲಿ ಎಷ್ಟು ಕಾಲದಿಂದ ಪಾಠ ಹೇಳುತ್ತಿರುವವಳೆಂದು ತಿಳಿಸಿ, "ಈ ಹುಡುಗಿ ಚಿನ್ನ ಸಾರ್, ನಾನು ಬರೆದುಕೊಡ್ತೀನಿ ಬೇಕಾದ್ರೆ" ಎಂದಳು.

"ನಡತೆ ಚಿನ್ನಾನೇ ಇರಬಹುದು ಮೇಡಂ. ಈ ಫೋಟೋ?" ಎಂದು ಅವರು ಸಿಮ್ ಕಾರ್ಡಿನ ಅರ್ಜಿಯ ಜೆರಾಕ್ಸನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟರು.

"ನಂದೇ ಸಾರ್," ಎಂದಳು ಶ್ವೇತ ಮೆಲ್ಲಗೆ. "ಈ ಫೋಟೋ ಎಷ್ಟೋ ಅರ್ಜಿಗೆ ಅಂಟಿಸಿದೀನಿ. ಸಿಮ್ಮಿಗೆ ಮಾತ್ರ ಅಂಟಿಸಿಲ್ಲ. ನನ್ಹತ್ರ ಮೊಬೈಲೇ ಇಲ್ಲ."

ಅನಂತಲಕ್ಷ್ಮಿ ಬಗ್ಗಿ ನೋಡಿದಳು. ಶ್ವೇತಳ ಎಡ ಹೆಗಲ ಹಿಂದೆ ಒಂದು ಮಸುಕು ಪಟ್ಟಿ. ಅದರ ಮೇಲೆ ಎ, ಎಸ್, ಡಿ, ಎಫ್. ಯಾವ ಅರ್ಜಿಗೂ ಆ ಅಂಚು ಹೋಗಿರಲಿಲ್ಲ, ತನ್ನ ಕೈಯಾರೆ ಕತ್ತರಿಸಿಯೇ ಕೊಟ್ಟಿದ್ದಳು. ಆ ಅಕ್ಷರಗಳಿರುವ ಫೋಟೋ ಜಗತ್ತಿನಲ್ಲಿ ಇದ್ದದ್ದು ಒಂದೇ ಕಡೆ. ಅದನ್ನು ಹೋದ ಆಯುಧಪೂಜೆಯಲ್ಲಿ ಕುಂಕುಮ ಇಟ್ಟು ಆಟೋ ಹತ್ತಿಸಿದ್ದಳು.

"ಎಲ್ಲಿಂದ ಹೋಗಿರಬಹುದು ಮೇಡಂ? ನಿಮಗೇನಾದ್ರೂ ಗೊತ್ತಾಗುತ್ತಾ?"

ಬಾಯಿ ತೆರೆದರೆ ಸಾಕಿತ್ತು. ಆದರೆ ಆ ಗಳಿಗೆಯಲ್ಲಿ ಅನಂತಲಕ್ಷ್ಮಿಗೆ ಶ್ವೇತ ಕಾಣಲಿಲ್ಲ. ಬಾಗಿಲು ಮುಚ್ಚಿದ ತನ್ನ ಇನ್‌ಸ್ಟಿಟ್ಯೂಟು ಕಂಡಿತು, ಹೆಣ್ಣುಮಕ್ಕಳ ಫೋಟೋ ಮಾರಿಕೊಂಡವಳು ಎಂದು ಬೆರಳು ತೋರಿಸುವ ಬಜಾರು ಕಂಡಿತು. "ಗೊತ್ತಿಲ್ಲ ಸಾರ್, ವಿಚಾರಿಸಬೇಕು" ಎಂದುಬಿಟ್ಟಳು. ಹಿಂತಿರುಗುವಾಗ ಬಸ್ಸಿನಲ್ಲಿ ಶ್ಯಾಮಲಮ್ಮ ಆಕೆಯ ಕೈ ಹಿಡಿದುಕೊಂಡು, "ನೀವು ಬಂದಿದ್ದಕ್ಕೆ ಅವರು ಮರ್ಯಾದೆಯಾಗಿ ಮಾತಾಡಿಸಿದ್ರು ಮೇಡಮ್ಮಾ, ನಿಮ್ಮ ಋಣ ತೀರಿಸಕ್ಕಾಗಲ್ಲ" ಎಂದು ಕಣ್ಣೊರೆಸಿಕೊಂಡಳು. ಆ ಕೈಯನ್ನು ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ಅನಂತಲಕ್ಷ್ಮಿ ಕಿಟಕಿಯ ಹೊರಗೆ ನೋಡುತ್ತಾ ಕೂತಳು.

ಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಶ್ರೀರಾಮ್ 'ಅವತ್ತೇ ಹೇಳಿದ್ದೆ' ಎನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

"ನಾಳೇನೇ ಹೋಗಿ ಹೇಳಿಬಿಡು," ಎಂದ.

"ಮೊದಲು ಖಚಿತ ಮಾಡ್ಕೋತೀನಿ ರೀ."

ಖಚಿತ ಮಾಡಿಕೊಳ್ಳಲು ಕೋಲಾರಕ್ಕೆ ಹೋದಳು. ಹಳೇ ಮಾನಿಟರುಗಳ ರಾಶಿಯ ನಡುವೆ ಕೂತಿದ್ದ ವ್ಯಾಪಾರಿ ತಲೆ ಕೆರೆದುಕೊಂಡು, "ಕುಂಕುಮ ಇಟ್ಟಿದ್ದು ತಾನೇ? ಶ್ರೀನಿವಾಸಪುರದ ಮೊಬೈಲ್ ಅಂಗಡಿಯವನು ತಗೊಂಡ. ಒಳಗಿರೋದನ್ನ ತೆಗೆಯೋದು ನಮ್ಮ ಕೆಲಸ ಅಲ್ಲಮ್ಮಾ. ನೀವು ಹೆಂಗೆ ಕೊಟ್ರೋ ಹಂಗೇ ಕೊಟ್ವಿ" ಎಂದ. ಅಲ್ಲಿಗೆ ಖಚಿತವಾಯಿತು. ಖಚಿತವಾದ ಮೇಲೂ ಅನಂತಲಕ್ಷ್ಮಿ ಸುಮ್ಮನಿದ್ದಳು. ಇವತ್ತು ಏಕಾದಶಿ, ನಾಳೆ ಪರೀಕ್ಷೆಯ ಶುಲ್ಕ ಕಟ್ಟುವ ದಿನ, ನಾಡಿದ್ದು ಇನ್ನೇನೋ. ಹೆದರಿದವರಿಗೆ ನೆಪಕ್ಕೆ ಬರವೇ? ಅತ್ತ ಮುಳಬಾಗಿಲು ಠಾಣೆಯಲ್ಲಿ ಶ್ವೇತಳ ವೆರಿಫಿಕೇಷನ್ ಕಾಗದದ ಮೇಲೆ 'ವಿಚಾರಣೆ ಬಾಕಿ ಇದೆ' ಎಂದು ಬರೆದಿಟ್ಟಿದ್ದರು.

ಶ್ವೇತ ಮಾತ್ರ ದಿನವೂ ಬಂದು ಟೈಪ್ ಮಾಡುತ್ತಿದ್ದಳು. ಆರ್ಡರ್ ಬರುವ ಹೊತ್ತಿಗೆ ಕೈ ತುಕ್ಕು ಹಿಡಿಯಬಾರದಲ್ಲ. ಮೊದಲು ಪಕ್ಕದಲ್ಲಿ ಕೂರಲು ಜಗಳವಾಡುತ್ತಿದ್ದ ಹುಡುಗಿಯರು ಈಗ ಒಂದು ಕುರ್ಚಿ ಬಿಟ್ಟು ಕೂರುತ್ತಿದ್ದರು. ಒಂದು ಬೆಳಿಗ್ಗೆ ಅನಂತಲಕ್ಷ್ಮಿ ಒಳಕೋಣೆಯಲ್ಲಿ ಕೂತು ಆ ಸದ್ದು ಕೇಳುತ್ತಿದ್ದಳು. ಎಲ್ಲೂ ಎಡವದ, ಎಲ್ಲೂ ನಿಲ್ಲದ ಟೈಪಿಂಗ್. ತಾನೇ ಆ ಬೆರಳುಗಳನ್ನು ಒಂದೊಂದಾಗಿ ಹಿಡಿದು ಕೀಲಿಯ ಮೇಲೆ ಇಟ್ಟು ಕಲಿಸಿದ್ದಳು. ಕೇಳುತ್ತಾ ಕೇಳುತ್ತಾ ಆಕೆಗೆ ಅಳು ಒತ್ತರಿಸಿ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ಯಾರಿಗೂ ಹೇಳದೆ ಮೆಟ್ಟಿಲಿಳಿದು, ಸಿಕ್ಕಿದ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಹೋದಳು.

ಆಕೆಯ ಹೇಳಿಕೆ ಸಿಕ್ಕಿದ್ದೇ ತಡ, ಪೊಲೀಸರು ಮೊಬೈಲ್ ಅಂಗಡಿಯ ಕದಿರೇಶನನ್ನು ಕರೆತಂದರು. ಸಣಕಲು ದೇಹದ, ಇನ್ನೂ ಮೀಸೆ ದಟ್ಟವಾಗದ ಯುವಕ. ಮೊದಮೊದಲು ತನಗೇನೂ ಗೊತ್ತಿಲ್ಲವೆಂದ. ಅಂಗಡಿಯ ಕಂಪ್ಯೂಟರನ್ನು ತಂದು ಅವನ ಮುಂದೆಯೇ ತೆರೆದಾಗ ಮಾತು ಬಂತು.

"ತಪ್ಪಾಯ್ತು ಸಾರ್. ಆದ್ರೆ ನಾನು ಯಾರನ್ನೂ ಕೊಲೆ ಮಾಡಿಲ್ಲ. ಮಾವಿನ ಸೀಜನ್ನಾಗೆ ಲಾರಿಯೋರು, ಹಣ್ಣು ಕೀಳೋರು ಎಲ್ಲೆಲ್ಲಿಂದಾನೋ ಬರ್ತಾರೆ. ಎಲ್ಲಾರಿಗೂ ಇಲ್ಲಿನ ಸಿಮ್ಮು ಬೇಕು, ಯಾರ ಹತ್ರಾನೂ ಕಾಗದ ಇರಲ್ಲ. ಮೇಲಿನೋರು ಟಾರ್ಗೆಟ್ ಮುಟ್ಟಿಸು ಅಂತಾರೆ. ಕಂಪ್ಯೂಟರ್‌ನಾಗೆ ಅಳಿಸಿರೋದನ್ನ ವಾಪಸ್ ತರೋ ಸಾಫ್ಟ್‌ವೇರ್ ಹಾಕ್ದೆ. ಫೋಟೋ, ಕಾರ್ಡು ಎಲ್ಲಾ ಜೋಡಿಸಿಟ್ಟಂಗೆ ಬಂತು. ಹಳ್ಳಿ ಹುಡುಗೀರು, ಇವರಿಗೆ ಯಾವಾಗ ಗೊತ್ತಾಗುತ್ತೆ ಅಂದ್ಕೊಂಡೆ." ಆಮೇಲೆ ಅನಂತಲಕ್ಷ್ಮಿಯ ಕಡೆ ತಿರುಗಿ, "ಬೇಕಾದ್ದಾಗಿದ್ರೆ ನೀವು ಹಂಗೆ ಬಿಡ್ತಿದ್ರಾ ಮೇಡಂ? ಬೇಡ ಅಂತ ತಾನೇ ಕಳಿಸಿದ್ದು?" ಎಂದ.

ಕಳ್ಳನ ಬಾಯಿಂದ ಬಂದ ಮಾತೆಂದು ತಳ್ಳಿಹಾಕಲು ಅನಂತಲಕ್ಷ್ಮಿಗೆ ಆಗಲಿಲ್ಲ. ಸಬ್ ಇನ್‌ಸ್ಪೆಕ್ಟರು ಹೇಳಿಕೆಗೆ ಸಹಿ ಹಾಕಿಸಿಕೊಳ್ಳುತ್ತಾ, "ಇದನ್ನ ಅವತ್ತೇ ಹೇಳಿದ್ರೆ ಅವತ್ತೇ ಹುಡುಗಿ ಹೆಸರು ಬಿಟ್ಟುಬಿಡ್ತಿದ್ದೆ ಮೇಡಂ. ಯಾಕೆ ಸುಮ್ಮನಿದ್ರಿ?" ಎಂದು ಕೇಳಿದರು.

"ಹೆದರಿಕೆ ಆಯ್ತು ಸಾರ್," ಎಂದಳು.

ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು. ಶ್ವೇತಳ ಮೇಲೆ ಯಾವ ಆಪಾದನೆಯೂ ಇಲ್ಲವೆಂಬ ವರದಿ ಕೋಲಾರದ ಕಚೇರಿಗೆ ತಲುಪುವಷ್ಟರಲ್ಲಿ ಗಡುವು ದಾಟಿತ್ತು. ಆ ಹುದ್ದೆಯನ್ನು ಪಟ್ಟಿಯಲ್ಲಿ ಅವಳ ನಂತರ ಇದ್ದವರಿಗೆ ಕೊಟ್ಟುಬಿಟ್ಟಿದ್ದರು. ಅನಂತಲಕ್ಷ್ಮಿ ಆ ಕಚೇರಿಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿ ಇಳಿದರೂ, ಅಲ್ಲಿದ್ದವರು ಪಾಪ ಎಂದು ಮರುಗಿದರೇ ಹೊರತು ಕೆಲಸ ಮರಳಲಿಲ್ಲ.

ಕೊನೆಗೆ ದೇವರಾಯಸಮುದ್ರಕ್ಕೆ ಹೋದಳು. ಶ್ರೀರಾಮ್ ಜೊತೆಗೆ ಬರುತ್ತೇನೆಂದ, ಬೇಡವೆಂದಳು. ಆಂಜಿನಪ್ಪ ಹುಳುಮನೆಯ ಮುಂದೆ ಸೊಪ್ಪು ಹರಡುತ್ತಿದ್ದ. ಶ್ಯಾಮಲಮ್ಮ ಚಾಪೆ ಹಾಸಿದಳು. ಅನಂತಲಕ್ಷ್ಮಿ ಚಾಪೆಯ ಮೇಲೆ ಕೂರದೆ, ನಿಂತೇ ಎಲ್ಲವನ್ನೂ ಹೇಳಿದಳು. ಗಂಡ ಹೇಳಿದ್ದು, ಅನ್ನ ಹಾಕಿದ್ದನ್ನು ಒಡೆಯಲು ಮನಸ್ಸಾಗದೆ ತಾನು ಆ ಮಾತು ತಳ್ಳಿಹಾಕಿದ್ದು, ಠಾಣೆಯಲ್ಲಿ ಫೋಟೋ ನೋಡಿದ ಕೂಡಲೇ ಗುರುತು ಹಿಡಿದದ್ದು, ಹಿಡಿದೂ ಸುಮ್ಮನಿದ್ದದ್ದು. ಒಂದನ್ನೂ ಮುಚ್ಚಿಡಲಿಲ್ಲ.

ಆಂಜಿನಪ್ಪ ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಕೆಳಗಿಟ್ಟು ಎದ್ದು ನಿಂತ.

"ಅನ್ನ ಹಾಕಿದ್ದನ್ನ ಒಡೆಯಕ್ಕೆ ಮನಸ್ಸು ಬರ್ಲಿಲ್ಲ ಅಂದ್ರಲ್ಲಮ್ಮಾ, ಅದು ನನಗೆ ಅರ್ಥ ಆಯ್ತದೆ. ಮುದಿ ಎತ್ತನ್ನ ನಾವೂ ಕೊಟ್ಟಿಗೇಲೇ ಕೊನೇಗಂಟ ಇಟ್ಕೋತೀವಿ. ಆದ್ರೆ ಅವತ್ತು ಠಾಣೇಲಿ ನನ್ನ ಮಗಳು ನಿಮ್ಮ ಪಕ್ಕದಾಗೇ ನಿಂತಿದ್ಲು. ನಿಮಗೆ ಗೊತ್ತಿತ್ತು. ಅದೊಂದು ನನಗೆ ಅರ್ಥ ಆಗಲ್ಲ."

ಶ್ಯಾಮಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಶ್ವೇತ ಕಂಬಕ್ಕೆ ಒರಗಿ ಕೇಳುತ್ತಿದ್ದವಳು, "ಮೇಡಂ, ನನ್ನ ಫೋಟೋ ಇನ್ನೂ ಯಾರ್ಯಾರ ಹತ್ರ ಇರಬಹುದು?" ಎಂದು ಕೇಳಿದಳು. ಅದರಲ್ಲಿ ಸಿಟ್ಟು ಇರಲಿಲ್ಲ, ತಿಳಿದುಕೊಳ್ಳಬೇಕೆನ್ನುವ ಆತಂಕ ಇತ್ತು.

"ಗೊತ್ತಿಲ್ಲಮ್ಮಾ," ಎಂದಳು ಅನಂತಲಕ್ಷ್ಮಿ. ಈ ಸಲ ಅದು ನಿಜವಾಗಿತ್ತು. ಶ್ವೇತ ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ಆ ಪ್ರಶ್ನೆ ಅನಂತಲಕ್ಷ್ಮಿಯ ನಿದ್ದೆ ಕೆಡಿಸಿತು. ಆ ಕಂಪ್ಯೂಟರಿನಲ್ಲಿ ಇದ್ದದ್ದು ಶ್ವೇತ ಒಬ್ಬಳೇ ಅಲ್ಲವಲ್ಲ. ಭಾನುವಾರ ಬಂತೆಂದರೆ ಗಂಡ ಹೆಂಡತಿ ಬಸ್ಸು ಹತ್ತತೊಡಗಿದರು. ನೆನಪಾದ ಒಬ್ಬೊಬ್ಬ ಹುಡುಗಿಯ ಊರು, ಮದುವೆಯಾಗಿದ್ದರೆ ಗಂಡನ ಊರು. ಹೋದಲ್ಲೆಲ್ಲ ಅದೇ ಕಥೆ. ನಿಮ್ಮ ಹೆಸರಿನಲ್ಲಿ ಯಾವುದಾದರೂ ಫೋನು ನಡೆಯುತ್ತಿದೆಯೇ ಎಂದು ವಿಚಾರಿಸಲು ಬರೆದ ಅರ್ಜಿಯನ್ನು ಕೊಟ್ಟು, ಸಹಿ ಹಾಕಿಸಿ, ಫೋನ್ ಕಂಪನಿಗಳಿಗೆ ತಾನೇ ತಲುಪಿಸುತ್ತಿದ್ದಳು. ಕೆಲವರು ಬೈದರು. ಒಬ್ಬಳ ಗಂಡ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ. ಮಾಸ್ತಿಗೆ ಮದುವೆಯಾಗಿ ಹೋಗಿದ್ದ ಹುಡುಗಿಯ ಅತ್ತೆ ಆಂಜಿನಮ್ಮ ಮಾತ್ರ ಹಾಲು ಕರೆಯುತ್ತಲೇ ಕೇಳಿ ಜೋರಾಗಿ ನಕ್ಕಳು.

"ಇದಕ್ಕೆ ಮುಳಬಾಗಿಲಿಂದ ಇಷ್ಟು ದೂರ ಬಂದ್ರಾ ತಾಯಿ? ಕದ್ಕೊಂಡೋಗಕ್ಕೆ ನಮ್ಮ ಹತ್ರ ಏನೈತೆ?"

ಹೋದ ಆಯುಧಪೂಜೆಯಲ್ಲಿ ತಾನೂ ಇದೇ ಮಾತನ್ನು ಇಷ್ಟೇ ಜೋರಾಗಿ ಅಂದದ್ದು ಅನಂತಲಕ್ಷ್ಮಿಗೆ ನೆನಪಾಯಿತು. ಏನೂ ವಾದಿಸದೆ ಜಗುಲಿಯ ಮೇಲೆ ಕೂತು, ಶ್ವೇತಳ ಕಥೆಯನ್ನು ಮೊದಲಿನಿಂದ ಹೇಳಿದಳು. ಮುಗಿಯುವ ಹೊತ್ತಿಗೆ ಆಂಜಿನಮ್ಮ ಚೊಂಬು ಕೆಳಗಿಟ್ಟು ಸೊಸೆಯನ್ನು ಕೂಗಿದಳು, ಬಂದು ಸಹಿ ಹಾಕು ಎಂದು.

ಅನಂತಲಕ್ಷ್ಮಿ ಹೆದರಿದ್ದಂತೆಯೇ ಇನ್‌ಸ್ಟಿಟ್ಯೂಟಿಗೆ ಬರುವವರು ಕಮ್ಮಿಯಾದರು. ಉಳಿದವರ ಕೆಲಸ ಮಾತ್ರ ಬೇರೆ ರೀತಿ ನಡೆಯತೊಡಗಿತು. ಅರ್ಜಿ ತುಂಬಿಸಿದ ಮೇಲೆ ಫೋಟೋ, ಕಾರ್ಡಿನ ಪ್ರತಿ ಎಲ್ಲವನ್ನೂ ಹುಡುಗಿಯ ಕಣ್ಣೆದುರಿಗೇ ತೆಗೆದುಹಾಕುತ್ತಿದ್ದಳು. ಮುಂದಿನ ಸಲ ಬೇಕಾದರೆ ಹೊಸದಾಗಿ ತೆಗೆಯೋಣ ಎನ್ನುತ್ತಿದ್ದಳು. ಮಳೆಗಾಲದಲ್ಲಿ ಇನ್ನೊಂದು ಹಳೇ ಕಂಪ್ಯೂಟರ್ ಕೆಟ್ಟು ನಿಂತಾಗ ಡಿಸ್ಕನ್ನು ಹೊರಗೆ ತೆಗೆಸಿ, ಹಿತ್ತಲ ಕಲ್ಲಿನ ಮೇಲಿಟ್ಟು, ಕೈ ಮುಗಿದು ತಪ್ಪಾಯಿತು ಅಂದುಕೊಂಡು, ಸುತ್ತಿಗೆಯನ್ನು ಗಂಡನ ಕೈಗೆ ಕೊಡದೆ ತಾನೇ ಎತ್ತಿದಳು. ಪುಡಿಯಾಗುವವರೆಗೂ ನಿಲ್ಲಿಸಲಿಲ್ಲ.

ಮಾರನೇ ವರ್ಷ ಒಂದು ಬೆಳಿಗ್ಗೆ ಕೋಲಾರದ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, ಬಸ್ ಸ್ಟ್ಯಾಂಡಿನ ಆ ತುದಿಯಲ್ಲಿ ಶ್ವೇತ ಕಂಡಳು. ಸ್ವಲ್ಪ ಸೊರಗಿದ್ದಳು. ಯಾವುದೋ ಇಲಾಖೆ ಮತ್ತೆ ಬೆರಳಚ್ಚುಗಾರರಿಗೆ ಅರ್ಜಿ ಕರೆದಿದ್ದು ಅನಂತಲಕ್ಷ್ಮಿಗೆ ಗೊತ್ತಿತ್ತು. ಹುಡುಗಿಯ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ, ಕಾರ್ಡು, ಫೋಟೋ ಎಲ್ಲ ಹೊರಗೆ ಕಾಣುವಂತಿದ್ದವು. ಅರ್ಜಿ ತುಂಬಿಸಲು ಮುಳಬಾಗಿಲು ಬಿಟ್ಟು ಕೋಲಾರಕ್ಕೆ ಹೊರಟಿದ್ದಾಳೆ.

ಅನಂತಲಕ್ಷ್ಮಿಗೆ ತಡೆಯಲಾಗಲಿಲ್ಲ, ಹತ್ತಿರ ಹೋದಳು. "ಚೆನ್ನಾಗಿದೀಯೇನಮ್ಮಾ?"

"ನಮಸ್ಕಾರ ಮೇಡಂ. ಚೆನ್ನಾಗಿದೀನಿ." ಮಾತಿನಲ್ಲಿ ಮೊದಲಿನ ವಿನಯವೇ ಇತ್ತು. ಆದರೆ ಹಾಗೆ ಹೇಳುತ್ತಿರುವಾಗಲೇ ಶ್ವೇತ ಕವರನ್ನು ಬಲಗೈಯಿಂದ ಎಡಗೈಗೆ ದಾಟಿಸಿ, ಕಾಗದ ಕಾಣುತ್ತಿದ್ದ ಮಗ್ಗುಲನ್ನು ಮೈಗೆ ಒತ್ತಿಕೊಂಡು, ದುಪಟ್ಟಾ ಎಳೆದು ಮುಚ್ಚಿದಳು. ಬೇಕೆಂದು ಮಾಡಿದ್ದಲ್ಲ. ಮಾಡಿದ ಮೇಲೆ ತನಗೇ ಗೊತ್ತಾಗಿ ಹುಡುಗಿಯ ಮುಖ ಕೆಂಪಾಯಿತು. ಕವರನ್ನು ಮತ್ತೆ ಈಚೆಗೆ ತರಲು ಹೋದಳು.

ಅನಂತಲಕ್ಷ್ಮಿ ಕೈ ಅಡ್ಡ ಇಟ್ಟು ತಡೆದಳು.

"ಬೇಡ, ಹಂಗೇ ಇಟ್ಕೋ. ಯಾರ ಹತ್ರಾನೂ ಬಿಟ್ಟು ಬರಬೇಡ ಕಣಮ್ಮಾ," ಎಂದಳು. "ನಾನು ಕೇಳಿದ್ರೂ ಕೊಡಬೇಡ."